ಹೆಗಲ ಮೇಲಿನ ಗೆರೆ

ನನ್ನ ಸೋದರಮಾವನ ಬಲಗಾಲಿನ ಹೆಬ್ಬೆರಳು ಅವರ ದೇಹಕ್ಕೆ ಸೇರಿದ್ದಲ್ಲ ಎಂಬಂತಿತ್ತು. ಅಗಲವಾಗಿ, ಚಪ್ಪಟೆಯಾಗಿ, ಪಕ್ಕದ ಬೆರಳಿನ ಜೊತೆ ಮಾತು ಬಿಟ್ಟವರ ಹಾಗೆ ದೂರ ಸರಿದು ನಿಂತಿತ್ತು. ಹುಡುಗನಾಗಿದ್ದಾಗಿನಿಂದ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗದ ಹಲಗೆ ತುಳಿದು ತುಳಿದು ಆದ ಬೆರಳು ಅದು. ಅವರಿಗೆ ಭಯವಾದಾಗ ಅದು ತಾನಾಗಿಯೇ ಆಡತೊಡಗುತ್ತಿತ್ತು. ಕಾಣದ ಹಲಗೆಯೊಂದನ್ನು ಒತ್ತುವುದು, ಬಿಡುವುದು, ಒತ್ತುವುದು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಎಲ್ಲೆಂದರಲ್ಲಿ ಆಡುತ್ತಿತ್ತು. ಮುಖ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಪಾದ ನೋಡಬೇಕು. ಆದ್ದರಿಂದ ನಮ್ಮ ಅತ್ತೆ ಗಂಡನೊಡನೆ ಮಾತನಾಡುವಾಗ ಸದಾ ನೆಲ ನೋಡಿಕೊಂಡೇ ಮಾತನಾಡುತ್ತಿದ್ದರು. ಹೊರಗಿನವರು ಅದನ್ನು ವಿನಯ ಎಂದುಕೊಂಡಿದ್ದರು.

ಮಾವನಿಗೆ ಯಾವುದರ ಭಯವಿತ್ತು ಎಂದು ಹೇಳಹೊರಟರೆ ಈ ಬರಹ ಮುಗಿಯುವುದಿಲ್ಲ. ಯಾವುದರ ಭಯ ಇರಲಿಲ್ಲ ಎಂದು ಹೇಳಬಹುದು: ಹಾವಿನದು. ಮೊಳಕಾಲ್ಮೂರಿನ ಅವರ ಮನೆಯ ಮಗ್ಗದ ಕುಣಿಯೊಳಕ್ಕೆ ಒಮ್ಮೆ ಹಾವು ಬಂದಾಗ ಅವರು ಎರಡೂ ಕಾಲನ್ನು ಮೇಲೆತ್ತಿಕೊಂಡು, ಅದು ಹೋಗುವವರೆಗೂ ಜರಿಯ ಎಳೆ ಸರಿಮಾಡುತ್ತ ಕುಳಿತಿದ್ದರಂತೆ. ಉಳಿದಂತೆ ಸೃಷ್ಟಿಯ ಎಲ್ಲ ಪದಾರ್ಥಗಳಿಗೂ ಅವರು ಸಮಾನ ಗೌರವದಿಂದ ಅಂಜುತ್ತಿದ್ದರು. ಮೋಡ ಕವಿದರೆ ರೇಷ್ಮೆ ಬಿಗಿಯುತ್ತದೆಂಬ ಭಯ, ಬಿಸಿಲೇರಿದರೆ ಎಳೆ ಹರಿಯುತ್ತದೆಂಬ ಭಯ. ಎಲ್ಲಕ್ಕಿಂತ ಹೆಚ್ಚಾಗಿ ಹೊಗಳಿಕೆಯ ಭಯ. ಯಾರಾದರೂ ಸೀರೆಯ ಸೆರಗು ಹಿಡಿದು "ಭಲೇ" ಎಂದರೆ, "ಇನ್ನೊಂದ್ ಸಲ ನೋಡ್ರಿ, ಎಲ್ಲಾದ್ರೂ ತಪ್ಪಿರ್ತೈತೆ" ಎಂದು ಅದನ್ನು ಕಸಿದುಕೊಳ್ಳುತ್ತಿದ್ದರು.

ಬಟ್ಟೆ "ಮುಗೀತು" ಎಂದು ಅವರ ಬಾಯಲ್ಲಿ ಬಂದದ್ದಿಲ್ಲ. "ಇಳೀತು" ಎನ್ನುತ್ತಿದ್ದರು. ನಾನು ಚಿಕ್ಕಂದಿನಲ್ಲಿ ಒಮ್ಮೆ ಮುಗೀತಾ ಮಾವ ಎಂದು ಕೇಳಿ ತಲೆಗೊಂದು ಮೊಟಕಿಸಿಕೊಂಡಿದ್ದೇನೆ. "ಮುಗಿಯಾದು ಮನುಷ್ಯರು ಕಣೋ. ಬಟ್ಟೆ ಇಳೀತೈತೆ."

ಅವರ ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಲೋಕವ್ಯವಹಾರ ಕನ್ನಡದಲ್ಲಿ, ಗಾಬರಿ ತೆಲುಗಿನಲ್ಲಿ. ಅವರ ಬದುಕಿನ ಒಂದೇ ಒಂದು ಸಿದ್ಧಾಂತವೂ ತೆಲುಗಿನಲ್ಲೇ ಇತ್ತು: "ಭಯಂ ಉಂಟೇ ಚೆಯ್ಯಿ ಸರಿಗ್ಗಾ ಉಂಟುಂದಿ ರಾ." ಹೆದರಿಕೆ ಇದ್ದರೆ ಕೈ ನೆಟ್ಟಗಿರುತ್ತದೆ ಎಂದು. ಅವರ ಕೈ ನೆಟ್ಟಗಿತ್ತು ಎಂಬುದಕ್ಕೆ ಮೊಳಕಾಲ್ಮೂರಿನ ಆ ಬೀದಿಯೇ ಸಾಕ್ಷಿ.

ನಾನು ಟೈಲರ್ ಆದದ್ದು ಅವರಿಗೆ ಸ್ವಂತ ದುಃಖವಾಗಿತ್ತು. ತಂಗಿಯ ಮಗ ಕುಡಿತ ಕಲಿತಿದ್ದರೆ ಕ್ಷಮಿಸುತ್ತಿದ್ದರೇನೋ, ಕತ್ತರಿ ಹಿಡಿದ. ಚಳ್ಳಕೆರೆಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ನನ್ನ ಅಂಗಡಿಗೆ ಬಂದಾಗೆಲ್ಲ, ನಾನು ಬಟ್ಟೆ ಹರಡಿ ಕತ್ತರಿ ಎತ್ತಿದ ಕೂಡಲೇ ಎದ್ದು ಹೊರಗೆ ಹೋಗಿ, ರಸ್ತೆಯಲ್ಲಿ ಲಾರಿಗಳ ನಡುವೆ ನಿಂತುಬಿಡುತ್ತಿದ್ದರು. ಕತ್ತರಿಯ ಸದ್ದು ನಿಂತ ಮೇಲೆ ಒಳಗೆ ಬಂದು, ಯಾರೋ ತೀರಿಕೊಂಡ ಮನೆಗೆ ಬಂದವರ ಧ್ವನಿಯಲ್ಲಿ, "ಆಯ್ತಾ?" ಎಂದು ಕೇಳುತ್ತಿದ್ದರು.

ಹೋದ ವರ್ಷ ಅವರಿಗೆ ಎದೆನೋವು ಬಂತು. ದೊಡ್ಡದೇನಲ್ಲ, ಆದರೆ ಡಾಕ್ಟರು ಖಂಡಿತವಾಗಿ ಹೇಳಿದರು, ಇನ್ನು ಮಗ್ಗಕ್ಕೆ ಕೂರಬೇಡಿ, ಕುಣಿಯೊಳಕ್ಕೆ ಇಳಿಯುವುದು ಹತ್ತುವುದು ಬೇಡ, ಬಡಿಯುವುದು ಬೇಡ. ಎಲ್ಲದಕ್ಕೂ ಅಂಜುತ್ತಿದ್ದ ನಮ್ಮ ಮಾವ ಈ ಒಂದು ವಿಷಯದಲ್ಲಿ ಧೀರರಾಗಿ ವರ್ತಿಸಿದರು. ಮರುವಾರವೇ ಕುಣಿಗೆ ಇಳಿದರು. ಅತ್ತೆ ಅತ್ತು, ಬೈದು, ಉಣ್ಣದೆ ಕುಳಿತು, ಕಡೆಗೆ ಒಂದು ಕರಾರು ಮಾಡಿಕೊಂಡರು: ಮಗ್ಗ ನಿಂತಾಗೆಲ್ಲ ಯಾಕೆ ನಿಂತಿತು ಎಂದು ಮಾವ ಒಳಗಿನಿಂದ ಕೂಗಿ ಹೇಳಬೇಕು.

ಹೀಗೆ ಆ ಮನೆಯಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ಅತ್ತೆ ಹೊರಕೋಣೆಯಲ್ಲಿ ರಾಟೆಯ ಮುಂದೆ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿರುವರು. ಒಳಗೆ ಟಕ್ ಟಕ್ ಎಂಬ ಸದ್ದು. ಸದ್ದು ನಿಂತಿತು. ಅತ್ತೆಯ ರಾಟೆಯೂ ನಿಂತಿತು. "ಎಳೆ ಹರೀತು!" ಎಂದು ಒಳಗಿನಿಂದ ದನಿ. ರಾಟೆ ಮತ್ತೆ ತಿರುಗಿತು. ಮತ್ತೆ ನಿಂತಿತು. "ನೀರ್ ಕುಡೀತಿದೀನಿ!" ರಾಟೆ ತಿರುಗಿತು. ಒಮ್ಮೊಮ್ಮೆ ಮಾವ ಮರೆತು ಸುಮ್ಮನಿದ್ದರೆ ಅತ್ತೆ ಕುಳಿತಲ್ಲಿಂದಲೇ "ಏನ್ರೀ!" ಎಂದು ಒದರುತ್ತಿದ್ದರು. ಆ ಒದರಾಟಕ್ಕೆ ಬೀದಿಯ ನಾಯಿಗಳು ಏಳುತ್ತಿದ್ದವು. ಮಾವ ಬೇಸರದಿಂದ, "ಯೋಚ್ನೆ ಮಾಡ್ತಿದೀನಿ ಕಣೇ, ಅದನ್ನೂ ಹೇಳ್ಬೇಕಾ?" ಎನ್ನುವರು.

"ಹೇಳ್ಬೇಕು."

ಪೂಜಾವಸ್ತ್ರದ ವಿಷಯ ಬಂದದ್ದು ಈ ಹೊತ್ತಿನಲ್ಲಿ. ನಮ್ಮೂರ ಇಗರ್ಜಿಯ ಫಾದರು ನನ್ನ ಹಳೆಯ ಗಿರಾಕಿ. ಪೀಠಸೇವೆಯ ಹುಡುಗರ ನಿಲುವಂಗಿಗಳನ್ನೂ ಹಾಡುವ ಹೆಣ್ಣುಮಕ್ಕಳ ಸಮವಸ್ತ್ರಗಳನ್ನೂ ನಾನೇ ಹೊಲಿಯುವುದು. ಅವರ ಸಭೆಯ ಒಬ್ಬ ಹುಡುಗ, ತಳಕಿನ ಕಡೆಯ ಕೂಲಿ ಮನೆಯವನು, ಪಾದ್ರಿಯಾಗಲು ಗುರುದೀಕ್ಷೆಗೆ ಸಿದ್ಧನಾಗಿದ್ದ. ದೀಕ್ಷೆಯ ದಿನ ಅವನು ಮೊದಲ ಬಾರಿ ತೊಡುವ ಪೂಜಾವಸ್ತ್ರವನ್ನು ಪೇಟೆಯಿಂದ ಸಿದ್ಧವಾದದ್ದು ತರಿಸುವುದು ಫಾದರಿಗೆ ಇಷ್ಟವಿರಲಿಲ್ಲ. "ಹುಡುಗ ಈ ಸೀಮೆಯವನು, ಬಟ್ಟೆಯೂ ಈ ಸೀಮೆಯದೇ ಇರಲಿ. ಮೊಳಕಾಲ್ಮೂರಿನ ರೇಷ್ಮೆ ಇರುವಾಗ ಬೇರೆ ಯಾಕೆ?" ಎಂದರು. ನಾನು ಅವರನ್ನು ಮಾವನ ಮನೆಗೆ ಕರೆದುಕೊಂಡು ಹೋದೆ.

ಫಾದರು ಜಗಲಿಯ ಮೇಲೆ ಕುಳಿತು ಸಾವಧಾನವಾಗಿ ವಿವರಿಸಿದರು. ಕೆನೆಬಿಳಿ ಬಣ್ಣ. ಮೈತುಂಬ ಜರಿಯ ಚಿಕ್ಕ ಚಿಕ್ಕ ಶಿಲುಬೆಗಳು. ನಡುವೆ ಕತ್ತಿಗೆ ಒಂದು ತೂತು. ಗುರುಗಳು ಅದನ್ನು ತಲೆಯ ಮೇಲಿಂದ ತೊಟ್ಟರೆ ಅರ್ಧ ಮುಂದಕ್ಕೆ, ಅರ್ಧ ಬೆನ್ನಿಗೆ ಇಳಿಬೀಳುತ್ತದೆ. ಮಾವ ತಲೆಯಾಡಿಸಿದರು. ಹೆಬ್ಬೆರಳು ಆಡುತ್ತಲೇ ಇತ್ತು.

ಒಳಗಿನಿಂದ ಅತ್ತೆ, "ಬಿಳೀದಾ?" ಎಂದರು. "ಈ ಮನೆ ಮಗ್ಗದ ಮ್ಯಾಲೆ ಬಿಳೀ ಹಾಸು ಏರಿಲ್ಲ."

"ಅವರಲ್ಲಿ ಬಿಳೀದೇ ಹಬ್ಬದ ಬಣ್ಣವಂತೆ ಕಣೇ."

"ಹಬ್ಬ ಅವರ್ದು. ಮಗ್ಗ ನಮ್ದು."

ಫಾದರು ನಕ್ಕರು. ಕಡೆಗೆ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ, ಅಂಚಿನಲ್ಲಿ ಅರಿಶಿನ ಹಚ್ಚಿದ ಒಂದೇ ಒಂದು ಎಳೆ ಇರಬೇಕೆಂದು ತೀರ್ಮಾನವಾಯಿತು. ಎರಡು ಮತಗಳ ನಡುವೆ ಇಷ್ಟು ಬೇಗ ಒಪ್ಪಂದವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೊರಡುವಾಗ ಫಾದರು ಸುಮ್ಮನೆ ಮಾತಿಗೆ ಒಂದು ಕತೆ ಹೇಳಿದರು. ಯೇಸುಸ್ವಾಮಿ ತೊಟ್ಟಿದ್ದ ಅಂಗಿಗೆ ಹೊಲಿಗೆಯೇ ಇರಲಿಲ್ಲವಂತೆ, ಮೇಲಿಂದ ಕೆಳಗಿನವರೆಗೆ ಒಂದೇ ನೇಯ್ಗೆ. ಶಿಲುಬೆಯ ಬುಡದಲ್ಲಿ ನಿಂತ ಸೈನಿಕರಿಗೂ ಅದನ್ನು ಹರಿಯಲು ಮನಸ್ಸು ಬರದೆ, ಯಾರಿಗೆ ಸೇರಬೇಕೆಂದು ಚೀಟಿ ಹಾಕಿದರಂತೆ. ಫಾದರು ಅದನ್ನು ಒಬ್ಬ ನೇಕಾರನಿಗೆ ಸಂತೋಷವಾಗಲಿ ಎಂದು ಹೇಳಿದರು. ಮಾವ ಅದನ್ನು ಆಜ್ಞೆ ಎಂದು ಕೇಳಿಸಿಕೊಂಡರು.

"ಅಳಿಯಾ," ಎಂದರು ಫಾದರು ಹೋದ ಮೇಲೆ, "ಹೆಗಲ ಮೇಲೆ ಹೊಲಿಗೆ ಬರಬಾರ್ದಂತೆ."

"ಹಂಗಲ್ಲ ಮಾವ, ಅವರು ಕತೆ ಹೇಳಿದ್ರು."

"ಸೈನಿಕರೇ ಹರೀಲಿಲ್ವಂತೆ. ನೀನು ಹರೀತೀಯಾ?"



ಇದೇ ಕೊನೆಯ ಬಟ್ಟೆ ಎಂದು ಅತ್ತೆ ಮಾತು ತೆಗೆದುಕೊಂಡರು. ಮಾವ ಇಡೀ ಬಟ್ಟೆಯನ್ನು ನೇಯ್ದು, ತಾವೇ ಬಸ್ಸಿನಲ್ಲಿ ಚಳ್ಳಕೆರೆಗೆ ತಂದರು. ದಾರಿಯುದ್ದಕ್ಕೂ ಅದನ್ನು ಎದೆಗೆ ಅವಚಿಕೊಂಡು ಬಂದಿದ್ದರು. ನಾನು ಹರಡಿ ನೋಡಿದೆ. ಬಾಯಿ ಮುಚ್ಚಿಕೊಂಡೆ, ಯಾಕೆಂದರೆ ಹೊಗಳಿದರೆ ಕಸಿದುಕೊಂಡಾರು. ಬೆಳಗಿನ ಕೆನೆಯ ಹಾಗಿತ್ತು ಬಟ್ಟೆ. ಆ ಬಿಳುಪಿನಲ್ಲಿ ಶಿಲುಬೆಗಳು ಒಂದರ ಮೇಲೊಂದು, ಎಲ್ಲ ನೆಟ್ಟಗೆ ನಿಂತಿದ್ದವು. ಕತ್ತಿನ ಗುರುತು ಹಾಕಿಕೊಳ್ಳಬೇಕಾಗಿತ್ತು. ಬಟ್ಟೆಯನ್ನು ನನ್ನ ಹೆಗಲ ಮೇಲೇ ಹಾಕಿಕೊಂಡು, ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ ಇಳಿಬಿಟ್ಟು, ಕನ್ನಡಿಯ ಮುಂದೆ ನಿಂತೆ. ಕೈಯಲ್ಲಿ ಸೀಮೆಸುಣ್ಣ, ಪಕ್ಕದಲ್ಲಿ ಕತ್ತರಿ. ಕತ್ತರಿ ಕಂಡದ್ದೇ ಮಾವ ತಮ್ಮ ಪದ್ಧತಿಯಂತೆ ಹೊರಗೆ ಹೋದರು.

ಹೋದವರು ಒಮ್ಮೆ ತಿರುಗಿ ನೋಡಿದರು. ನನ್ನ ಬೆನ್ನು ಅವರಿಗೆ ಕಂಡಿತು.

"ಒದ್ದುರಾ!" ಎಂದು ಬೀದಿಯಿಂದ ಕೂಗಿದರು. "ಬ್ಯಾಡ ಲೇ! ಕತ್ರಿ ಮುಟ್ಬ್ಯಾಡ!"

ಅವರು ಒಳಗೆ ಬಂದು ನನ್ನ ಬೆನ್ನ ಹಿಂದೆ ನಿಂತರು. ಅವರ ಉಸಿರಾಟ ಮಾತ್ರ ಕೇಳುತ್ತಿತ್ತು. ಕನ್ನಡಿಯಲ್ಲಿ ನನ್ನ ಎದೆಯ ಶಿಲುಬೆಗಳು ನೆಟ್ಟಗಿದ್ದವು. ಹೊರಳಿ ಬೆನ್ನು ನೋಡಿಕೊಂಡೆ, ಅಲ್ಲಿನವೆಲ್ಲ ತಲೆಕೆಳಗಾಗಿ ನೇತಾಡುತ್ತಿದ್ದವು.

ಈ ತಪ್ಪನ್ನು ಸೀರೆ ನೇಯುವವರು ಮಾತ್ರ ಮಾಡಬಲ್ಲರು. ಸೀರೆಗೆ ಒಂದೇ ದಿಕ್ಕು. ಸೆರಗು ಹೆಗಲ ಮೇಲಿಂದ ಬೆನ್ನಿಗೆ ಬಿದ್ದಾಗ ಅಲ್ಲಿನ ನವಿಲು ತಲೆಕೆಳಗಾದರೆ ನವಿಲಿಗೂ ಬೇಸರವಿಲ್ಲ, ಉಟ್ಟವರಿಗೂ ಇಲ್ಲ. ಶಿಲುಬೆಯ ಮಾತು ಬೇರೆ. ಜನ್ಮವಿಡೀ ಹೆಗಲ ಮೇಲೆ ಬೀಳುವ ಬಟ್ಟೆಯನ್ನೇ ನೇಯ್ದ ಮನುಷ್ಯನಿಗೆ, ಹೆಗಲಿನ ಆಚೆ ಬಟ್ಟೆ ತಿರುಗಿ ಇಳಿಯುತ್ತದೆ ಎಂಬುದನ್ನು ಯೋಚಿಸಬೇಕಾದ ಸಂದರ್ಭವೇ ಬಂದಿರಲಿಲ್ಲ.

"ಮಾವ, ಹೆಗಲ ಹತ್ರ ಕತ್ತರಿಸಿ, ಹಿಂದಿಂದು ತಿರುಗಿಸಿ ಹೊಲಿದ್ರೆ ಸರಿ ಹೋಗ್ತೈತೆ. ಗೊತ್ತೇ ಆಗಲ್ಲ."

ಅವರು ನನ್ನನ್ನು ನೋಡಿದ ನೋಟ, ಆ ಸೈನಿಕರಿಗಿಂತಲೂ ಕಡೆಯಾದವನನ್ನು ನೋಡುವ ನೋಟವಾಗಿತ್ತು.

ಇಬ್ಬರೂ ಇಗರ್ಜಿಗೆ ಹೋದೆವು. ಫಾದರು ಬಟ್ಟೆ ನೋಡಿ, ಮಾವನ ಮುಖ ನೋಡಿ, ತಾವೂ ಗಾಬರಿಯಾದರು. ಸಮಾಧಾನ ಹೇಳಿದರು. ಹೊಲಿಗೆ ಹಾಕಿದರೆ ಯಾವ ದೋಷವೂ ಇಲ್ಲ ಎಂದರು. ಅದರಿಂದ ಪ್ರಯೋಜನವಾಗದಿದ್ದಾಗ, ತಲೆಕೆಳಗಾದ ಶಿಲುಬೆಯೂ ಕೆಟ್ಟದ್ದಲ್ಲ ಎಂದು ವಿವರಿಸಲು ಹೊರಟರು. ಯೇಸುವಿನ ಶಿಷ್ಯರಲ್ಲಿ ಹಿರಿಯ, ಪೇತ್ರ ಎಂಬುವರು. ಅವರನ್ನು ಶಿಲುಬೆಗೆ ಹಾಕುವಾಗ, ತಮ್ಮ ಗುರುವಿನಂತೆ ಸಾಯುವ ಯೋಗ್ಯತೆ ತಮಗಿಲ್ಲ ಎಂದು ಅವರೇ ತಲೆ ಕೆಳಗಾಗಿ ಹಾಕಿಸಿಕೊಂಡರು ಎಂದು ನಂಬಿಕೆ. "ಹಾಗಾಗಿ ನಮ್ಮಲ್ಲಿ ಅದು ಸಂತ ಪೇತ್ರರ ಶಿಲುಬೆ."

ಮಾವನ ಮುಖದ ಬಣ್ಣವೇ ಹೋಯಿತು. "ಆ ಹುಡುಗಗೆ ಅಂಥಾ ಸಾವು ಬರಂಗಾದ್ರೆ?"

"ಅಯ್ಯೋ, ಹಾಗಲ್ಲ. ಆ ಪೇತ್ರರೂ ಮೊದಲು ಬಹಳ ಅಂಜುಬುರುಕರೇ. ಗುರುವನ್ನು ಹಿಡಿದಾಗ, ಇವನು ಯಾರೋ ನನಗೆ ಗೊತ್ತಿಲ್ಲ ಎಂದುಬಿಟ್ಟರು."

"ಅಂಜಿದ್ರಾ?"

"ಅಂಜಿದ್ದರು."

"ಆಮೇಲೆ ಏನ್ ಮಾಡಿದ್ರು?"

"ಅತ್ತರು. ಆಮೇಲೆ ಹೋಗಿ ತಮ್ಮ ಕೆಲಸ ಮಾಡಿದರು."

ಮಾವ ಬಟ್ಟೆಯನ್ನು ಮಡಿಚಿದರು. ಅಂದೇ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟರು. ಸಮಾಧಾನ ಹೇಳಲು ಸಂತರನ್ನು ತರಬಾರದೆಂದು ಆಮೇಲೆ ಫಾದರೇ ನನ್ನೊಡನೆ ಒಪ್ಪಿಕೊಂಡರು.

ಹಾಸಿನಲ್ಲಿ ಇನ್ನೊಂದು ಬಟ್ಟೆಗೆ ಆಗುವಷ್ಟು ರೇಷ್ಮೆ ಉಳಿದಿತ್ತು. ಕೆಲಸ ಹೇಗೆಂಬುದೂ ಗೊತ್ತಾಗಿತ್ತು. ಮಗ್ಗದ ಮೇಲೆ ಚಿತ್ತಾರ ಮೂಡಿಸುವುದು ತೂತು ಹೊಡೆದ ರಟ್ಟಿನ ಅಟ್ಟೆಗಳ ಸಾಲು. ಮುಂಭಾಗ ಹೆಗಲು ಮುಟ್ಟಿದ ಕೂಡಲೇ ಆ ಸಾಲನ್ನು ಹಿಂದುಮುಂದಾಗಿ ತಿರುಗಿಸಿದರೆ, ಅಲ್ಲಿಂದ ಮುಂದೆ ಶಿಲುಬೆಗಳು ತಲೆಯಿಂದ ಬುಡಕ್ಕೆ ನೇಯ್ಗೆಯಾಗುತ್ತವೆ. ಹೆಗಲ ಮೇಲೆ ಬಿದ್ದಾಗ ಎರಡೂ ಕಡೆ ನೆಟ್ಟಗೆ. ಎಷ್ಟು ಸರಳ! ತೊಡಕಿದ್ದುದು ಒಂದೇ, ಅದನ್ನು ನೇಯಬೇಕಾದವರ ಎದೆ.

ಅತ್ತೆ ನನಗೆ ಫೋನ್ ಮಾಡಿದರು. ಅವರು ಬೈಯುವಾಗ ನನಗೆ ಭಯವಾಗುವುದಿಲ್ಲ. ಅಂದು ಮೆಲ್ಲಗೆ ಮಾತನಾಡಿದರು. "ಬಾರಪ್ಪಾ. ಒಬ್ಬಳೇ ಕೇಳಕಾಗಲ್ಲ."

ಕೇಳಲು ಆಗುವುದಿಲ್ಲ ಎಂದದ್ದು ಮಗ್ಗದ ಸದ್ದನ್ನು. ನಾನು ಅಂಗಡಿ ಮುಚ್ಚಿ ಹೋದೆ. ಕಾಜ ಗುಂಡಿಯ ಕೆಲಸ ಚೀಲದಲ್ಲಿ ತುಂಬಿಕೊಂಡು ಹೋಗಿ, ಹೊರಕೋಣೆಯಲ್ಲಿ ಅತ್ತೆಯ ಎದುರು ಕುಳಿತೆ. ಒಳಗೆ ಮಗ್ಗ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡಿದೆವು. ಭಯಕ್ಕೆ ಸದ್ದು ಬೇಕಿಲ್ಲ, ಸದ್ದು ನಿಲ್ಲಬೇಕು ಅಷ್ಟೇ ಎಂಬುದನ್ನು ಅಲ್ಲಿ ಕಲಿತೆ. ಟಕ್ ಟಕ್ ಟಕ್. ನಿಲ್ಲುತ್ತದೆ. ನನ್ನ ಸೂಜಿ ಬಟ್ಟೆಯಲ್ಲಿ ಅರ್ಧಕ್ಕೆ ನಿಲ್ಲುತ್ತದೆ. "ಜರಿ ಸುತ್ಕಂತು!" ಉಸಿರು ಬಿಡುತ್ತೇವೆ. ನಿಲ್ಲುತ್ತದೆ. "ಬೆವರು ಒರೆಸ್ಕೊತಿದೀನಿ!" ಯಾವ ಬೆವರು? ಈ ಚಳಿಯಲ್ಲಿ ಎಂಥ ಬೆವರು? ಅತ್ತೆ ಎದ್ದು ಬಾಗಿಲ ತನಕ ಹೋಗಿ, ನೋಡಿ, ಬರುತ್ತಾರೆ. ದಿನವೂ ಹೀಗೆ.

ಒಂದು ಮಧ್ಯಾಹ್ನ ಮಗ್ಗ ನಿಂತಿತು. ದನಿ ಬರಲಿಲ್ಲ.

"ಏನ್ರೀ!" ಎಂದರು ಅತ್ತೆ.

ದನಿ ಬರಲಿಲ್ಲ.

ನಾವು ಒಳಗೆ ಹೋದದ್ದು ನನಗೆ ನೆನಪಿಲ್ಲ, ಒಳಗಿದ್ದದ್ದು ನೆನಪಿದೆ. ಮಾವ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತೇ ಇದ್ದರು. ಎರಡೂ ಅಂಗೈ ಬಟ್ಟೆಗೆ ತಗುಲದಂತೆ ಮೇಲೆತ್ತಿ ಹಿಡಿದಿದ್ದರು. ಮುಖ ಬೂದಿಯಾಗಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಅದು ಬಟ್ಟೆಯ ಮೇಲೆ ಬೀಳದಂತೆ ಕತ್ತನ್ನು ಪಕ್ಕಕ್ಕೆ ವಾಲಿಸಿದ್ದರು.

"ಹೆಗಲಿಗೆ ಬಂತು," ಎಂದರು. "ಅಟ್ಟೆ ತಿರುಗಿಸ್ಬೇಕು."

ಅಷ್ಟೇ ಹೇಳಿ ನನ್ನ ಮೇಲೆ ಒರಗಿದರು. ಕುಣಿಯಿಂದ ಒಬ್ಬ ಮನುಷ್ಯನನ್ನು ಮೇಲೆತ್ತುವುದು ಎಷ್ಟು ಕಷ್ಟ ಎಂಬುದು ಎತ್ತಿದವರಿಗೇ ಗೊತ್ತು. ಕಾಲು ಹಲಗೆಗಳ ನಡುವೆ ಸಿಕ್ಕಿಕೊಂಡಿತ್ತು. ನಾನು ಕಂಕುಳಲ್ಲಿ ಕೈ ಹಾಕಿ ಎಳೆಯುತ್ತಿದ್ದರೆ, ಅವರು ಆ ಸ್ಥಿತಿಯಲ್ಲೂ "ಮೆಲ್ಲಗೋ, ಹಾಸು ಹರಿದೀತು" ಎನ್ನುತ್ತಿದ್ದರು.

ಆಂಬುಲೆನ್ಸಿನಲ್ಲಿ ಚಳ್ಳಕೆರೆಗೆ ಹೊರಟೆವು. ತಳಕು ದಾಟಿದ ಮೇಲೆ ಮಾವ ನನ್ನ ಮಣಿಕಟ್ಟು ಹಿಡಿದುಕೊಂಡರು. ಸಾವಿನ ಮಾತು ಬಂತು ಎಂದುಕೊಂಡು ನಾನು ಬಗ್ಗಿದೆ.

"ಪಕ್ಕದ ಮನೆಯೋನ್ನ ಕುಂದ್ರಿಸ್ಬ್ಯಾಡ. ಯಾರ್ನೂ ಕುಂದ್ರಿಸ್ಬ್ಯಾಡ. ಕೈ ಬದಲಾದ್ರೆ ಗೆರೆ ಬೀಳ್ತೈತೆ."

ಪ್ರತಿಯೊಬ್ಬ ನೇಕಾರನ ಬಡಿತಕ್ಕೂ ಅವನದೇ ತೂಕವಿರುತ್ತದೆ. ಒಬ್ಬ ನಿಲ್ಲಿಸಿದಲ್ಲಿ ಇನ್ನೊಬ್ಬ ಶುರುಮಾಡಿದರೆ, ಬಟ್ಟೆಯ ಅಡ್ಡಕ್ಕೆ ಒಂದು ಗೆರೆ ಕಾಣುತ್ತದೆ. ಹೊಲಿಗೆಯೇ ಇಲ್ಲದ ಹೆಗಲ ಮೇಲೆ, ಸರಿಯಾಗಿ ಹೊಲಿಗೆ ಇರಬೇಕಾದ ಜಾಗದಲ್ಲಿ, ಗೆರೆ. ಮಾವನಿಗೆ ತಮ್ಮ ಎದೆಯ ಭಯವಿರಲಿಲ್ಲ. ಅವರಿಗಿದ್ದುದು ಆ ಗೆರೆಯ ಭಯ. ಎದೆಯ ಭಯವನ್ನು ನಾವಿಬ್ಬರೂ ಹಂಚಿಕೊಂಡಿದ್ದೆವು.

ಆಸ್ಪತ್ರೆಯಲ್ಲಿ ಒಂದು ದಿನ ಕಳೆಯಿತು. ಡಾಕ್ಟರು ಏನನ್ನೂ ಖಚಿತವಾಗಿ ಹೇಳಲಿಲ್ಲ. ದೀಕ್ಷೆಯ ದಿನ ಹತ್ತಿರ ಬರುತ್ತಿತ್ತು. ಫಾದರು ಬಂದು ಹಾಸಿಗೆಯ ಪಕ್ಕ ನಿಂತು, ಹಳೆಯ ವಸ್ತ್ರ ಬೇಕಾದಷ್ಟಿದೆ, ಬಟ್ಟೆಯ ಯೋಚನೆ ಬಿಡಿ ಎಂದರು. ಮಾವ ಸರಿ ಎಂಬಂತೆ ತಲೆಯಾಡಿಸಿದರು. ಹೊದಿಕೆಯ ಕೆಳಗೆ ಹೆಬ್ಬೆರಳು ಬೇರೆಯೇ ಹೇಳುತ್ತಿತ್ತು. ಅತ್ತೆ ಎಂದಿನಂತೆ ಪಾದವನ್ನೇ ನೋಡುತ್ತ ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಸೆರಗು ಸಿಕ್ಕಿಸಿಕೊಂಡು ನನಗೆ ಹೇಳಿದರು:

"ನೀನು ಕುಂತ್ಕ ಇಲ್ಲಿ. ನಂಗೆ ಮನೇಲಿ ಕೆಲಸ ಐತೆ."

ಗಂಡ ಈ ಸ್ಥಿತಿಯಲ್ಲಿದ್ದಾಗ ಮನೆಯಲ್ಲಿ ಎಂಥ ಕೆಲಸ ಎಂದು ನನಗೆ ಸಿಟ್ಟೇ ಬಂತು. ಹೋದರು.

ಮರುದಿನ ಬೆಳಗ್ಗೆ ನನ್ನ ಫೋನು ಹೊಡೆದುಕೊಂಡಿತು. ಮೊಳಕಾಲ್ಮೂರಿನಿಂದ, ಮಾವನ ಪಕ್ಕದ ಮನೆಯಾತ.

"ಅಣ್ಣಾ, ಹೋದ್ರಾ?"

"ಯಾರು?"

"ನಿಮ್ಮ ಮಾವ! ಹೋದ್ರಾ? ಬಾಗ್ಲು ಹಾಕೈತೆ, ಒಳಗೆ ಮಗ್ಗ ಆಡ್ತಾ ಐತೆ! ಅವರ್ದೇ ಬಡಿತ! ಬೀದಿಯೋರೆಲ್ಲಾ ಹೊರಗೆ ನಿಂತೀವಿ, ಒಳಕ್ಕೆ ಹೋಗಾಕೆ ಯಾರಿಗೂ ಧೈರ್ಯ ಇಲ್ಲ!"

ಸತ್ತವರು ಮೊದಲು ತಮ್ಮ ಕೆಲಸದ ಜಾಗಕ್ಕೆ ಹೋಗುತ್ತಾರೆ ಎಂದು ನಮ್ಮವ್ವ ಹೇಳುತ್ತಿದ್ದುದು ನೆನಪಾಯಿತು. ಹಾಸಿಗೆಯತ್ತ ತಿರುಗಿದೆ. ಮಾವ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

"ಯಾರ್ದು ಫೋನು?"

ಜೀವವಿದೆ. ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತು ವಿಷಯ ಹೇಳಿದೆ. ಅವರು ಕೈ ಚಾಚಿದರು. ಫೋನನ್ನು ಕಿವಿಗೆ ಹಿಡಿದೆ. ಪಕ್ಕದ ಮನೆಯಾತನಿಗೆ, ಕಿಟಕಿಯ ಹತ್ತಿರ ಹಿಡಿಯಲು ಹೇಳಿದೆ. ಅವನು ತನ್ನ ಬದುಕಿನ ಅತಿ ದೊಡ್ಡ ಸಾಹಸ ಮಾಡುವವನಂತೆ ದೇವರ ಹೆಸರು ಹೇಳುತ್ತ ಹತ್ತಿರ ಹೋದ. ನನಗೂ ಕೇಳಿಸಿತು. ಟಕ್ ಟಕ್. ಟಕ್ ಟಕ್. ಎರಡು ಬಡಿತ, ಒಂದು ತಡೆ. ಮಾವನ ಕೈಯದೇ.

ಅವರು ಬಹಳ ಹೊತ್ತು ಕೇಳಿ, "ನಿಮ್ಮತ್ತೆ ಕುಂತವ್ಳೆ," ಎಂದರು. ಮದುವೆಗೆ ಮೊದಲು ತವರಿನಲ್ಲಿ ಅತ್ತೆ ಮಗ್ಗಕ್ಕೆ ಕೂರುತ್ತಿದ್ದರೆಂಬುದು ನನಗೆ ಆಗ ತಿಳಿಯಿತು. ಈ ಮನೆಗೆ ಬಂದ ಮೇಲೆ ಕಂಡಿಕೆ ಸುತ್ತುವುದೊಂದೇ ಅವರ ಪಾಲಿಗೆ ಬಂತು. ಅಷ್ಟು ವರ್ಷ ಗೋಡೆಯ ಈಚೆ ಕುಳಿತು ಆ ಬಡಿತ ಕೇಳುತ್ತಲೇ ಇದ್ದರು. ಕೊನೆಯ ದಿನಗಳಲ್ಲಂತೂ ಎಷ್ಟು ಭಯದಿಂದ ಕೇಳಿದ್ದರೆಂದರೆ, ಒಂದು ಹೊಡೆತದ ಹಗುರ ಭಾರವೂ ಅವರಿಗೆ ತಪ್ಪಿರಲಾರದು.

"ಗೆರೆ ಬೀಳ್ತೈತೆ," ಎಂದರು ಮಾವ, ಫೋನು ವಾಪಸು ಕೊಟ್ಟು. "ಎಷ್ಟು ನಂದೇ ಥರ ಹೊಡೆದ್ರೂ ಬೀಳ್ತೈತೆ."

ಬಟ್ಟೆ ಇಳಿದ ದಿನ ಅತ್ತೆಯೇ ತಂದರು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ನನಗೆ ಸಿಕ್ಕರು. ನಾನು ಗಂಟು ಬಿಚ್ಚಿ, ಅಲ್ಲೇ ಬಿಸಿಲಿಗೆ ಓರೆಯಾಗಿ ಹಿಡಿದೆ. ಎರಡೂ ಕಡೆಯ ಶಿಲುಬೆಗಳು ನಡುವಿನತ್ತ ತಲೆ ಮಾಡಿ ನಿಂತಿದ್ದವು. ನೇರ ನೋಡಿದರೆ ಎಲ್ಲ ಒಂದೇ. ಓರೆ ಮಾಡಿದಾಗ, ನಡುಮಧ್ಯದಲ್ಲಿ, ಕೂದಲೆಳೆಯಷ್ಟು, ಒಂದು ನೆರಳು.

"ಬಿದ್ದೈತೆ ಅತ್ತೆ," ಎಂದೆ. "ಈಗ ಅವರಿಗೆ ಹೆಂಗೆ ತೋರ್ಸಾದು? ಡಾಕ್ಟ್ರು ಗಾಬರಿ ಮಾಡ್ಬ್ಯಾಡಿ ಅಂದವ್ರೆ."

"ತೋರ್ಸು. ನಾನೇನು ಕದ್ದಿಲ್ಲ."

ಬಟ್ಟೆ ಹಿಡಿದು ಆ ಹಾಸಿಗೆಯವರೆಗೆ ನಡೆದೆ. ಒಂದು ನೂಲಿನ ಗೆರೆ ಒಬ್ಬ ಮನುಷ್ಯನನ್ನು ಕೊಲ್ಲಬಹುದೇ ಎಂದು ಬೇರೆ ಯಾರಾದರೂ ಕೇಳಿದ್ದರೆ ನಗುತ್ತಿದ್ದೆ. ನನಗೆ ಆ ಮನುಷ್ಯ ಗೊತ್ತಿದ್ದರು. ಬಟ್ಟೆಯನ್ನು ಅವರ ಮಡಿಲ ಮೇಲೆ ಹರಡಿದೆ. ಅವರು ನೋಡಲೇ ಇಲ್ಲ, ಕಣ್ಣು ಮುಚ್ಚಿಕೊಂಡರು. ತೋರುಬೆರಳನ್ನು ಬಟ್ಟೆಯ ಮೇಲಿಟ್ಟು, ಮುಂಭಾಗದ ಕಡೆಯಿಂದ ಮೆಲ್ಲಗೆ ಎಳೆಯುತ್ತ ಬಂದರು. ಪಕ್ಕದಲ್ಲಿ ನಾಡಿ ತೋರಿಸುವ ಯಂತ್ರ ಕೀಂಗುಡುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಬೆರಳು ನಡುವಿಗೆ ಬಂದು ನಿಂತಿತು.

"ಇಲ್ಲೀತನಕ ನಾನು," ಎಂದರು. ಬೆರಳನ್ನು ಒಂದಿಷ್ಟು ಆಚೆ ಸರಿಸಿದರು. "ಇಲ್ಲಿಂದ ಈಕೆ."

ಅತ್ತೆ ಮೂಸಂಬಿ ಸುಲಿಯುತ್ತಿದ್ದರು. "ನೆಟ್ಟಗೆ ನೋಡ್ಕಳ್ರಿ," ಎಂದರು ತಲೆಯೆತ್ತದೆ. "ಗೆರೆ ಬಿದ್ದಿದ್ದು ನನ್ ಕಡೆಯಿಂದಲ್ಲ. ಕೊನೆಕೊನೇಗೆ ನಿಮ್ ಕೈಯೇ ಸಡ್ಲ ಆಗೈತೆ."

ಮಾವ ಮನಸಾರೆ ನಕ್ಕರು ಎಂದೆಲ್ಲ ಬರೆಯಲಾರೆ. ಅವರಿಗೆ ನಗುವುದಕ್ಕೆ ಉಸಿರಿರಲಿಲ್ಲ. ಬೆರಳನ್ನು ಹಿಂದಕ್ಕೆ ತಂದು ತಮ್ಮ ಕೊನೆಯ ಭಾಗವನ್ನು ಸವರಿ ನೋಡಿದರು. ಆಮೇಲೆ ಅತ್ತೆಯದನ್ನು.

"ಹೌದು," ಎಂದರು. "ನಿಂದು ಬಿಗಿ ಐತೆ."

ನಾನು ಕಂಡಂತೆ ಅವರು ಒಂದು ಬಟ್ಟೆಯನ್ನು ಹೊಗಳಿದ್ದು ಅದೊಂದೇ ಸಲ. ಆಮೇಲೆ ಮೂಸಂಬಿ ತೊಳೆ ಬಾಯಿಗೆ ಹಾಕಿಸಿಕೊಂಡು ಮಲಗಿದರು. ಹೊದಿಕೆಯ ಕೆಳಗೆ ಪಾದ ಸುಮ್ಮನಿತ್ತು. ಅತ್ತೆ ಅದನ್ನೇ ನೋಡುತ್ತ ಕುಳಿತಿದ್ದರು. ನನಗೆ ಅದರಿಂದ ಸಮಾಧಾನವಾಗಲಿಲ್ಲ, ಇನ್ನಷ್ಟು ಭಯವಾಯಿತು. ಭಯ ಸುಳ್ಳಾಗಲಿಲ್ಲ. ದೀಕ್ಷೆಗೆ ಕೆಲವೇ ದಿನ ಇರುವಾಗ, ಮಟಮಟ ಮಧ್ಯಾಹ್ನ, ನರ್ಸು ಬಂದು ಯಂತ್ರವನ್ನು ಆರಿಸಿದಳು.

ಅಂತ್ಯಕ್ರಿಯೆ ಆದ ಮೇಲೆ ಅಂಗಡಿ ತೆರೆದು, ಬಾಗಿಲು ಹಾಕಿಕೊಂಡು, ಬಟ್ಟೆ ಹರಡಿದೆ. ಕತ್ತಿನ ಗುರುತು ಹಾಕಿದೆ. ಕತ್ತರಿ ಎತ್ತಿದಾಗ ಕೈ ನಡುಗಿತು. ಮಾವನ ಸಿದ್ಧಾಂತದಲ್ಲಿ ನಂಬಿಕೆಯಿಟ್ಟು ನಡುಗಲು ಬಿಟ್ಟೆ. ಕೊನೆಗೆ ಕೈ ನಿಂತಿತು. ಕತ್ತರಿಸಿದೆ. ತೂತು ಸರಿಯಾಗಿ ಗೆರೆಯ ಮೇಲೇ ಬರಬೇಕು, ಬಂತು.

ದೀಕ್ಷೆಯ ದಿನ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಸೂತಕ ಕಳೆಯದೆ ಅತ್ತೆ ಬರಲಿಲ್ಲ. ಆ ಹುಡುಗ ಪೀಠದ ಮುಂದೆ ನೆಲದ ಮೇಲೆ ಬೋರಲು ಮಲಗಿ ಎದ್ದ. ಹಿರಿಯ ಧರ್ಮಾಧ್ಯಕ್ಷರು ತಲೆಯ ಮೇಲೆ ಕೈಯಿಟ್ಟರು. ಕೂಲಿ ಮಾಡಿ ಕಪ್ಪಾದ ಕೈಗಳಲ್ಲಿ ಅವನ ತಾಯಿ ವಸ್ತ್ರವನ್ನು ತಂದಳು, ಇಬ್ಬರು ಗುರುಗಳು ಅದನ್ನು ಅವನ ತಲೆಯ ಮೇಲಿಂದ ಇಳಿಸಿದರು. ಜನರತ್ತ ತಿರುಗಿದಾಗ ಮಾವ ಕಂಡರು. ಪೀಠದತ್ತ ತಿರುಗಿದಾಗ ಅತ್ತೆ. ಶಿಲುಬೆಗಳು ಎರಡೂ ಕಡೆ ನೆಟ್ಟಗಿದ್ದವು. ಆ ಹುಡುಗ ಕೈಯೆತ್ತಿದಾಗಲೆಲ್ಲ ಎಲ್ಲಾದರೂ ಎಳೆ ಬಿಟ್ಟೀತೆಂದು ನಾನು ಪೂಜೆ ಮುಗಿಯುವವರೆಗೂ ಉಸಿರು ಬಿಗಿಹಿಡಿದೇ ಇದ್ದೆ. ಭಕ್ತಿಯೆಂದು ಪಕ್ಕದವರು ತಿಳಿದಿರಬೇಕು.

ಕತ್ತಿನಿಂದ ಕತ್ತರಿಸಿ ತೆಗೆದ ಅಂಗೈಯಗಲದ ತುಂಡನ್ನು, ನಡುವೆ ಗೆರೆಯಿದ್ದದ್ದು, ಎಸೆಯಲು ಮನಸ್ಸು ಬರದೆ ಮೊಳಕಾಲ್ಮೂರಿಗೆ ಒಯ್ದು ಅತ್ತೆಗೆ ಕೊಟ್ಟೆ. ಫೋಟೋದ ಮುಂದಿಡುತ್ತಾರೆ, ಕಣ್ಣಿಗೊತ್ತಿಕೊಳ್ಳುತ್ತಾರೆ ಎಂದೆಲ್ಲ ಅಂದುಕೊಂಡಿದ್ದೆ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ರೇಷ್ಮೆ ಗೀರು ಬಿಡಲ್ಲ," ಎಂದು ಕನ್ನಡಕ ತೆಗೆದು, ಎರಡೂ ಗಾಜನ್ನು ಅದರಿಂದ ಚೆನ್ನಾಗಿ ಒರೆಸಿ ಹಾಕಿಕೊಂಡರು. ಆಮೇಲೆ ಗೋಡೆ ಹಿಡಿದುಕೊಂಡು, ಒಂದೊಂದೇ ಕಾಲಿಟ್ಟು, ಕುಣಿಗೆ ಇಳಿದರು.